ಮೂಡಲಗಿಯ ಅಕ್ವೇರಿಯಂನಲ್ಲಿ ಒಂದು ಮೀನು ಕಡಿಮೆ ಬಿತ್ತು

ಗೋಕಾಕದಿಂದ ಮತ್ತೆ ನಾನೇ. ಇವತ್ತಿನ ಸಂಚಿಕೆ ಕಾಣೆಯಾದ ಒಂದು ಮೀನಿನ ಬಗ್ಗೆ.

ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ ಆರೂವರೆಗೆ ಮೂಡಲಗಿಯಿಂದ ಅಕ್ಕನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅಕ್ಕ ಅಲ್ಲ, ಮೂರನೇ ಕ್ಲಾಸಿನಲ್ಲಿರೋ ಅವಳ ಮಗಳು.

"ಮಾಮಾ, ನಿಂಬಿ ಕಾಣವಲ್ದು. ರಾತ್ರಿ ನಾ ಜಾಸ್ತಿ ತಿನ್ನಾಕ ಹಾಕಿದ್ದೆ. ಅದಕ್ಕ ಸತ್ತೈತೇನು?"

ನಿಂಬಿ ಅಂದರೆ ನಿಂಬೆಹಣ್ಣಿನ ಬಣ್ಣದ, ಹೆಬ್ಬೆರಳಿಗಿಂತ ಚಿಕ್ಕದಾದ ಗೋಬಿ ಮೀನು. ಭಾವ ಒಂದೂವರೆ ವರ್ಷದಿಂದ ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾರೆ. 200 ಲೀಟರ್ ತೊಟ್ಟಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ, ಅಂದರೆ ಒಂದು ಸಲ ತುಂಬಿಸೋಕೆ 7 ಕೆಜಿ ಅಕ್ವೇರಿಯಂ ಉಪ್ಪು ಬೇಕು. ನಮ್ಮ ಘಟಪ್ರಭೆಯೋ ಹತ್ತಿರದ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗೋ ನದಿ. ಇಂಥ ಊರಲ್ಲಿ ಸಮುದ್ರವನ್ನ ಚೀಲದಲ್ಲೇ ತರಬೇಕು.

ನಾನು ಬಿ.ಕಾಂ ಓದಿದವನು. ಏನಾದರೂ ಕಳೆದರೆ ಮೊದಲು ಸ್ಟಾಕ್ ಎಣಿಸ್ತೀನಿ. ಓಪನಿಂಗ್ ಸ್ಟಾಕ್: ಎರಡು ಕ್ಲೌನ್ ಮೀನು, ಒಂದು ಗೋಬಿ, ಒಂದು ಸೀಗಡಿ, ಒಂದು ಸೀ ಅನಿಮೋನ್. ಹೋಗಿ ನೋಡಿದೆ. ಹಾರಿ ಬಿದ್ದಿದೆಯಾ ಅಂತ ಟೇಬಲ್ ಕೆಳಗೆ, ಕಲ್ಲಿನ ಹಿಂದೆ, ಫಿಲ್ಟರ್ ಒಳಗೆ ಎಲ್ಲಾ ಹುಡುಕಿದೆ. ನಿಂಬಿ ಇಲ್ಲ. ಆದರೆ ದಿನಾ ಹೂವಿನ ಹಾಗೆ ಅರಳಿರೋ ಅನಿಮೋನ್ ಅವತ್ತು ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಂಡಿತ್ತು. ಸಂಜೆ ಅದು ಬಾಯಿ ತೆರೆದು ಲೋಳೆಯ ಒಂದು ಉಂಡೆ ಉಗುಳಿತು. ಅದರಲ್ಲಿ ಎಳೆಯಂಥ ಬಿಳಿ ಮುಳ್ಳುಗಳಿದ್ದವು.

ಸೀ ಅನಿಮೋನ್‌ಗೆ ಕನ್ನಡದಲ್ಲಿ ಕಡಲ ಹೂ ಅಂತಾರೆ. ಆದರೆ ಅದು ಹೂವಲ್ಲ, ಗಿಡವೂ ಅಲ್ಲ. ಜೆಲ್ಲಿ ಮೀನು, ಹವಳದ ಸಂಬಂಧಿ, ಪಕ್ಕಾ ಪ್ರಾಣಿ. ಮೆದುಳಿಲ್ಲ, ಕಣ್ಣಿಲ್ಲ. ಊಟ ಒಳಗೆ ಹೋಗೋದೂ ಉಳಿದದ್ದು ಹೊರಗೆ ಬರೋದೂ ಒಂದೇ ಬಾಯಿಂದ. ಅದಕ್ಕೇ ಆ ಉಂಡೆ.

ಅದರ ಎಸಳುಗಳಲ್ಲಿ ಸಾವಿರಾರು ಚುಚ್ಚುಕೋಶಗಳಿವೆ. ಪ್ರತಿ ಕೋಶದಲ್ಲೂ ಒತ್ತಡ ತುಂಬಿದ ಒಂದು ಸಣ್ಣ ಡಬ್ಬಿ, ಡಬ್ಬಿಯೊಳಗೆ ಸುರುಳಿ ಸುತ್ತಿದ ವಿಷದ ದಾರ. ಏನಾದರೂ ತಗುಲಿದರೆ ದಾರ ಚಿಮ್ಮಿ ಹೊರಗೆ ಬರುತ್ತೆ. ಇದರ ದೂರದ ಸಂಬಂಧಿ ಹೈಡ್ರಾದಲ್ಲಿ ಜರ್ಮನಿಯ ವಿಜ್ಞಾನಿಗಳು ಈ ವೇಗ ಅಳೆದು 2006ರಲ್ಲಿ ಪ್ರಕಟಿಸಿದರು. ದಾರ ಚಿಮ್ಮೋ ಮೊದಲ ಹಂತಕ್ಕೆ ಹಿಡಿಯೋ ಸಮಯ ಸುಮಾರು 700 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ನಾವು ರೆಪ್ಪೆ ಬಡಿಯೋ ಅಷ್ಟರಲ್ಲಿ ಅದು ಲಕ್ಷಗಟ್ಟಲೆ ಸಲ ಆಗಿಹೋಗಬಹುದು.

ಇಲ್ಲಿ ಒಂದು ಮಾತು ತಲೇಲಿ ಇಟ್ಕೊಳ್ರಿ: ಅನಿಮೋನ್ ಬೇಟೆಗೆ ಹೋಗೋದಿಲ್ಲ, ಯಾರನ್ನೂ ಆರಿಸೋದೂ ಇಲ್ಲ. ತಗುಲಿದ್ದು ತಿನ್ನೋ ಹಾಗಿದೆಯಾ, ಇಷ್ಟೇ ಅದರ ಪ್ರಶ್ನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಸಂಶೋಧಕರು ದೈತ್ಯ ಅನಿಮೋನ್‌ಗಳ ಹೊಟ್ಟೆಯಲ್ಲಿದ್ದುದರ ಡಿಎನ್‌ಎ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂದಾಗ ಏಡಿ, ಸೀಗಡಿ ಜಾತಿಗಳ ಜೊತೆ ಏನು ಸಿಕ್ಕಿತ್ತು ಗೊತ್ತಾ? ಇರುವೆ! ಊಟದ ಸುಮಾರು ಹತ್ತನೇ ಒಂದು ಭಾಗ. ರೆಕ್ಕೆ ಬಂದ ಇರುವೆಗಳು ಹಾರೋ ಕಾಲದಲ್ಲಿ ಗಾಳಿಗೆ ಸಿಕ್ಕು ನೀರಿಗೆ ಬಿದ್ದಿದ್ದವು. ಒರೆಗಾನ್ ತೀರದಲ್ಲಿ ಹಸಿರು ಅನಿಮೋನ್ ಒಂದು ಕಡಲಹಕ್ಕಿಯ ಮರಿಯನ್ನೇ ನುಂಗುತ್ತಿದ್ದದ್ದು 2014ರಲ್ಲಿ ವರದಿಯಾಗಿದೆ. ಇಂಥ ಬೇಟೆ "ಅನಿರೀಕ್ಷಿತ" ಅನ್ನಿಸೋದು ನಮಗೆ. ಅನಿಮೋನ್‌ಗೆ ಯಾವ ನಿರೀಕ್ಷೆಯೂ ಇಲ್ಲ.

ಹಾಗಾದರೆ ಅದರ ಮಡಿಲಲ್ಲೇ ಮಲಗೋ ಕ್ಲೌನ್ ಮೀನಿಗೆ ಯಾಕೆ ಏನೂ ಆಗಲ್ಲ? ಗುಟ್ಟು ಇರೋದು ಮೈಮೇಲಿನ ಲೋಳೆಯಲ್ಲಿ. ಮೀನುಗಳ ಲೋಳೆಯಲ್ಲಿರೋ ಸಿಯಾಲಿಕ್ ಆಮ್ಲ ಅನ್ನೋ ಸಕ್ಕರೆ ಜಾತಿಯ ವಸ್ತು ಚುಚ್ಚುಕೋಶಗಳನ್ನ ಕೆರಳಿಸುತ್ತೆ. ಕ್ಲೌನ್ ಮೀನಿನ ಲೋಳೆಯಲ್ಲಿ ಅದು ತೀರಾ ಕಡಿಮೆ ಅಂತ ಜಪಾನಿನ ಓಕಿನಾವಾದ ಸಂಶೋಧಕರಿದ್ದ ತಂಡ 2025ರಲ್ಲಿ ತೋರಿಸಿತು. ಗೋಬಿಗೆ ಆ ಪಾಸ್ ಇಲ್ಲ. ಸಿನಿಮಾ ನೋಡಿ, "ಮೀನು, ಅನಿಮೋನ್ ಎಲ್ಲಾ ದೋಸ್ತರು" ಅಂದುಕೊಂಡವರು ನಾವು.

ಸರಿ, ಅವತ್ತು ರಾತ್ರಿ ಆಗಿದ್ದೇನು? ಒಂದು ಗಂಟೆಗೆ ಕರೆಂಟ್ ಹೋಗಿತ್ತು ಅಂತ ಅಕ್ಕ ಹೇಳಿದಳು. ಪಂಪ್ ನಿಂತರೆ ನೀರಲ್ಲಿ ಆಮ್ಲಜನಕ ಇಳಿಯುತ್ತೆ. ಕತ್ತಲಲ್ಲಿ ಮೀನು ಗಾಬರಿಯಾಗಿ ಎತ್ತೆತ್ತಲೋ ನುಗ್ಗಿರಬಹುದು. ಅಥವಾ ಉಸಿರು ಕಟ್ಟಿ ಸೋತ ಮೇಲೆ ತೇಲಿ ಹೋಗಿ ತಗುಲಿರಬಹುದು. ಅನಿಮೋನ್ ಬಹಳ ಸಲ ತಿನ್ನೋದು ಸೋತ ಮೀನನ್ನ, ಸತ್ತ ಮೀನನ್ನ. ಬ್ಯಾಲೆನ್ಸ್ ಶೀಟ್ ನಷ್ಟ ತೋರಿಸುತ್ತೆ, ಕಾರಣ ತೋರಿಸಲ್ಲ. ಆದರೆ ಒಂದು ಮಾತ್ರ ಖಚಿತ. ಸಮುದ್ರದಲ್ಲಿ ಗೋಬಿಗೆ ದೂರ ಸರಿಯೋಕೆ ಜಾಗ ಇತ್ತು. 200 ಲೀಟರಿನಲ್ಲಿ ಇರಲಿಲ್ಲ. ಆ ಜಾಗ ಕಿತ್ತುಕೊಂಡವರು ನಾವು.

ಹುಕ್ಕೇರಿಯಲ್ಲಿರೋ ನನ್ನ ಕಾಲೇಜು ಗೆಳೆಯನ ತೊಟ್ಟಿಯಲ್ಲಿ ಕಥೆ ಉಲ್ಟಾ ಆಯ್ತು. ಅನಿಮೋನ್‌ಗೆ ಬುಡದಲ್ಲಿ ಪಾದದಂಥ ತಟ್ಟೆ ಇದೆ, ಬೆಳಕೋ ನೀರಿನ ಹರಿವೋ ಹಿಡಿಸದಿದ್ದರೆ ಅದು ನಿಧಾನ ಜಾರಿಕೊಂಡು ಬೇರೆ ಕಡೆ ಹೋಗುತ್ತೆ. ಅವನದು ಪಂಪಿನ ಬಾಯಿಗೇ ಹೋಗಿ ಸಿಕ್ಕಿಹಾಕಿಕೊಂಡು ಚೂರುಚೂರಾಯಿತು. ಅದರಿಂದ ನೀರೆಲ್ಲಾ ಕೆಟ್ಟು, ಬೆಳಗಾಗೋದರಲ್ಲಿ ಉಳಿದ ಮೀನುಗಳೂ ಹೋದವು.

ಮನೇಲಿ ಅನಿಮೋನ್ ಇಟ್ಟವರು, ಇಡಬೇಕು ಅಂದುಕೊಂಡವರು ಇಷ್ಟು ಮಾಡ್ರಿ. ತೊಟ್ಟಿ ತುಂಬಿಸಿ ಕನಿಷ್ಠ ಆರು ತಿಂಗಳು ಆಗೋವರೆಗೆ ಅನಿಮೋನ್ ತರಬ್ಯಾಡ್ರಿ. ಪಂಪಿನ ಬಾಯಿಗೆ ಸ್ಪಂಜು ಅಥವಾ ಜಾಲರಿ ಹಾಕ್ರಿ. ಬ್ಯಾಟರಿ ಏರ್ ಪಂಪ್ ಒಂದು ಇರಲಿ, ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಚಿಕ್ಕ ತೊಟ್ಟಿಯಲ್ಲಿ ಗೋಬಿಯಂಥ ಎಲ್ಲೆಂದರಲ್ಲಿ ಕೂರೋ ಸಣ್ಣ ಮೀನನ್ನ ಜೊತೆಗೆ ಬಿಡಬ್ಯಾಡ್ರಿ. ಮೀನು ಕಾಣೆಯಾದರೆ ಅವತ್ತೇ ನೀರಿನ ಅಮೋನಿಯಾ ಪರೀಕ್ಷೆ ಮಾಡ್ರಿ. ಮುಚ್ಚಿಕೊಂಡ ಅನಿಮೋನನ್ನ ಬಿಡಿಸೋಕೆ ಹೋಗಬ್ಯಾಡ್ರಿ, ಒಳಗಿರೋ ಮೀನು ಉಳಿಯಲ್ಲ, ಅನಿಮೋನೂ ಹರಿಯುತ್ತೆ. ಅಂಗಡಿಯವರು ಹವಳ ಕೊಡ್ತೀವಿ ಅಂದರೆ ಎಚ್ಚರ: ಕಲ್ಲಿನಂಥ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರೋ ರಕ್ಷಣೆಯೇ ಅದಕ್ಕೂ. ಕ್ಲೌನ್ ಮೀನು ಬೇಕಾದರೆ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳ್ರಿ. ಅದನ್ನ ಮರಿ ಮಾಡಿಸೋ ವಿಧಾನ ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಬಳಿಯೇ ಇದೆ.

ಆ ಸಂಜೆ ಸೊಸಿ ಗಾಜಿನ ಮುಂದೆ ಕೂತಿದ್ದಳು. "ನೀ ಹಾಕಿದ ಊಟದಿಂದ ಅಲ್ಲವ್ವಾ," ಅಂದೆ. ಇಷ್ಟೆಲ್ಲಾ ಅವಳಿಗೂ ಹೇಳಿದೆ, ಮುಳ್ಳಿನ ವಿಷಯ ಒಂದು ಬಿಟ್ಟು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅದಕ್ಕ ಕಣ್ಣ ಇಲ್ಲಂದ್ರ, ನಿಂಬಿ ಅಂತ ಹೆಂಗ ಗೊತ್ತಾಗಬೇಕು ಮಾಮಾ?"

ಗೊತ್ತಾಗಲ್ಲ. ಗೊತ್ತಿರಬೇಕಾದವರು ನಾವು.

ಭಾವ ಈಗ ಬ್ಯಾಟರಿ ಪಂಪ್ ತಂದಿದ್ದಾರೆ. ಹೊಸ ಗೋಬಿ ತಂದಿಲ್ಲ. ಮುಂದಿನ ವಾರ ಸಿಗೋಣ್ರಿ.