ನೀಲಿ ಹೊಗೆಯ ಮೂಲ ಎಲ್ಲಿ?

ಮುಂಬಯಿ, ಪುಣೆಗಳಿಂದ ಸ್ವಂತ ಮೋಟಾರಿನಲ್ಲಿ ಊರಿಗೆ ಹೊರಡುವ ನಮ್ಮವರು ರಜೆಗೆ ಮುಂಚೆ ಗಾಡಿಯನ್ನು ಗ್ಯಾರೇಜಿಗೆ ತೋರಿಸುವುದು ವಾಡಿಕೆ. ಆಗ ಸೈಲೆನ್ಸರಿನಿಂದ ನೀಲಿ ಹೊಗೆ ಕಂಡಿತೋ, "ಎಂಜಿನ್ ಬಿಚ್ಚಬೇಕು, ಸಾಹೇಬರೆ" ಎಂದು ಮೇಸ್ತ್ರಿ ಹೇಳಿಬಿಡುತ್ತಾನೆ. ಹಳೆಯ ಗಾಡಿಯಾದರೆ ಆ ಖರ್ಚು ಗಾಡಿಯ ಬೆಲೆಯನ್ನೇ ಮುಟ್ಟುವುದುಂಟು. ಒಪ್ಪಿಕೊಳ್ಳುವ ಮೊದಲು, ಹೊಗೆ ಯಾವ ಹೊತ್ತಿನಲ್ಲಿ ಬರುತ್ತದೆಂಬುದನ್ನು ಯಜಮಾನರೇ ನಾಲ್ಕು ದಿನ ಗಮನಿಸುವುದು ಲೇಸು.

ಕರಿ ಹೊಗೆಯೆಂದರೆ ಪೆಟ್ರೋಲು ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ. ಚಳಿಗಾಲದ ಬೆಳಿಗ್ಗೆ ಕಂಡು ಮಾಯವಾಗುವ ಬಿಳಿ ಹೊಗೆ ಬರಿಯ ನೀರಾವಿ. ನೀಲಿಯಾದರೆ ಎಂಜಿನ್ ಎಣ್ಣೆಯೇ ಉರಿಯುತ್ತಿದೆ. ಅದು ಸಿಲಿಂಡರಿನೊಳಕ್ಕೆ ನುಸುಳುವ ಮುಖ್ಯ ದಾರಿಗಳು ಎರಡು: ಕೆಳಗಿನಿಂದ ಪಿಸ್ಟನ್ ರಿಂಗುಗಳ ಪಕ್ಕದಲ್ಲಿ, ಮೇಲಿನಿಂದ ವಾಲ್ವಿನ ದಂಡದ ಗುಂಟ.

ವಾಲ್ವಿನ ದಂಡಕ್ಕೆ ರಬ್ಬರಿನ ಪುಟ್ಟ ಟೋಪಿಯಂತಹ ಸೀಲು ಇರುತ್ತದೆ. ವರ್ಷಗಟ್ಟಲೆ ಕಾದು ಅದು ಗಟ್ಟಿಯಾದರೆ ರಾತ್ರಿಯೆಲ್ಲ ಎಣ್ಣೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡಿದೊಡನೆ ಒಂದು ಬುಗ್ಗೆ ನೀಲಿ ಹೊಗೆ, ಆಮೇಲೆ ಸ್ವಚ್ಛ. ಸಾತಾರಾ ದಾರಿಯ ಖಂಬಾಟಕಿ ಘಾಟಿನಂತಹ ಏರಿಳಿತಗಳು ಇದಕ್ಕೆ ಒಳ್ಳೆಯ ಪರೀಕ್ಷೆ. ಇಳಿಜಾರಿನಲ್ಲಿ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಳಿಯ ದಾರಿ ಮುಚ್ಚಿ, ಎಂಜಿನು ಎಣ್ಣೆಯನ್ನು ಒಳಕ್ಕೆ ಹೀರುತ್ತದೆ. ತಪ್ಪಲಿನಲ್ಲಿ ಮತ್ತೆ ಒತ್ತಿದಾಗ ಮೋಡ ಎದ್ದರೆ ಸೀಲಿನ ಮೇಲೆ ಅನುಮಾನ ಹೆಚ್ಚು. ಬದಲಾಗಿ, ಭಾರ ಹೊತ್ತು ಏರುವಾಗಲೇ ಎಡೆಬಿಡದೆ ಹೊಗೆ ಬಂದರೆ ರಿಂಗು ಸವೆದಿರಬಹುದು. ಹಿಂದಿನ ಗಾಜಿನಲ್ಲಿ ನೋಡುವ ಕಾವಲು ಮಕ್ಕಳಿಗೆ ಒಪ್ಪಿಸಿದರೆ ಅವರಷ್ಟು ನಿಷ್ಠೆಯ ಸಾಕ್ಷಿಗಳು ಬೇರಿಲ್ಲ!

ಈ ಭೇದದಲ್ಲಿ ಹಣದ ಮಾತಿದೆ. ಎಷ್ಟೋ ಎಂಜಿನುಗಳಲ್ಲಿ ಸೀಲನ್ನು ಎಂಜಿನ್ ಕೆಳಗಿಳಿಸದೆಯೇ ಬದಲಿಸಬಹುದು, ರಿಂಗಿಗಾದರೆ ಬಿಚ್ಚಲೇಬೇಕು. ಆದ್ದರಿಂದ ಮೇಸ್ತ್ರಿಗೆ ಕಂಪ್ರೆಶನ್ ಪರೀಕ್ಷೆ ಮಾಡಿ ತೋರಿಸಲು ಹೇಳಿರಿ. ಒತ್ತಡ ಕಡಿಮೆಯಿದ್ದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಪುನಃ ನೋಡಿದಾಗ ಒತ್ತಡ ಏರಿದರೆ ದೋಷ ರಿಂಗಿನದು ಅಥವಾ ಸಿಲಿಂಡರಿನದು. ಸೀಲಿನ ದೋಷ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದಕ್ಕೆ ಬೆಳಗಿನ ಹೊಗೆಯೇ ಸಾಕ್ಷಿ. ಇದಕ್ಕೂ ಮೊದಲು ಎಂಜಿನಿನ ಒಳಗಾಳಿ ಹೊರಹೋಗುವ ಪಿ.ಸಿ.ವಿ. ವಾಲ್ವು ಕಟ್ಟಿಕೊಂಡಿದೆಯೇ, ಎಣ್ಣೆ ಮಿತಿಮೀರಿ ತುಂಬಿದೆಯೇ ಎಂದು ನೋಡಿಸಬೇಕು. ಟರ್ಬೋ ಇರುವ ಗಾಡಿಗಳಲ್ಲಿ ಅದನ್ನೂ ಶಂಕಿಸತಕ್ಕದ್ದು.

ಹೊಸ ಗಾಡಿಗಳವರು ನಗಬೇಕಾಗಿಲ್ಲ. ಅವುಗಳ ಕೆಟಲಿಟಿಕ್ ಕನ್ವರ್ಟರು ಸ್ವಲ್ಪ ಹೊಗೆಯನ್ನು ತಾನೇ ನುಂಗಿಬಿಡುತ್ತದೆ. ಎಣ್ಣೆಯಲ್ಲಿರುವ ರಂಜಕದಿಂದ ಕಾಲಕ್ರಮದಲ್ಲಿ ತಾನೂ ಕೆಡುತ್ತದೆ. ಅಲ್ಲಿ ಅಳತೆಯ ಕಡ್ಡಿಯೇ ಗತಿ. ಸಮತಟ್ಟು ನೆಲದಲ್ಲಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಎಣ್ಣೆಯನ್ನು ಮೇಲಿನ ಗೆರೆಗೆ ಸರಿಮಾಡಿ, 1000 ಕಿಲೋಮೀಟರಿನ ನಂತರ ಎಷ್ಟು ಸುರಿಯಬೇಕಾಯಿತೆಂದು ಬರೆದಿಡಿರಿ. ಅರ್ಧ ಲೀಟರು, ಕೆಲವೆಡೆ 1 ಲೀಟರು ಕೂಡ ಸಹಜವೆನ್ನುವ ಕೈಪಿಡಿಗಳಿವೆ; 1 ಲೀಟರನ್ನು ಸಹಜವೆಂದು ನಂಬಲು ನನಗಂತೂ ಮನಸ್ಸು ಬಾರದು. ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿದರೆ ಸೋರಿಕೆಯಿದ್ದಲ್ಲಿ ಗುರುತು ಬೀಳುತ್ತದೆ.

ರಿಪೇರಿಗೆ ಮುನ್ನ ಹೊರಡಲೇಬೇಕಾದರೆ ಅದೇ ದರ್ಜೆಯ 1 ಲೀಟರು ಎಣ್ಣೆ ಡಿಕ್ಕಿಯಲ್ಲಿರಲಿ. ಪೆಟ್ರೋಲು ಹಾಕಿಸುವಾಗಲೆಲ್ಲ ಕಡ್ಡಿ ನೋಡಿರಿ. ಎಣ್ಣೆಯ ಕೆಂಪು ದೀಪ ಹೊತ್ತಿದರೆ "ಮುಂದಿನ ಊರಿನವರೆಗೆ" ಎನ್ನದೆ ಗಾಡಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ ನಿಲ್ಲಿಸಿಬಿಡಿರಿ.