ಮೆಳೆ ಉಳಿದರೆ ಬುಟ್ಟಿ ಉಳಿದೀತು

ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಮಕ್ಕಳು ಹೂವು ಹೊತ್ತು ತರುವ ಬುಟ್ಟಿಗಳಲ್ಲಿ ಈಗ ಪ್ಲಾಸ್ಟಿಕ್ಕಿನವೂ ಸೇರಿವೆ. ‘ಬಿದಿರಿನ ಬುಟ್ಟಿ ಬೇಕೆಂದರೆ ಕಾಡು ಕಡಿಯಬೇಕಲ್ಲವೇ?’ ಎಂದು ಕೆಲವರು ಕೇಳುವುದುಂಟು. ಇದಕ್ಕೆ ಉತ್ತರ ಬುಟ್ಟಿ ತಯಾರಾಗುವ ಬಗೆಯಲ್ಲೇ ಇದೆ.

ಘಟ್ಟದ ಮೇಲಿನ ಸೊರಬ ತಾಲ್ಲೂಕಿನ ಜಡೆ, ಪಕ್ಕದ ಶಿಕಾರಿಪುರ ಭತ್ತ, ಅಡಿಕೆ ಬೆಳೆಯುವ ಸೀಮೆ. ಇಂತಹ ಕಡೆ ಗೊಬ್ಬರ ಹೊರಲು ಬುಟ್ಟಿ, ಕಾಳು ಕೇರಲು ಮೊರ ಬೇಕು. ಗೌರಿ ಹಬ್ಬದ ಬಾಗಿನಕ್ಕೂ ಜೋಡಿ ಮೊರವೇ. ಇವನ್ನು ಹೆಣೆಯುವುದು ಮೇದಾರರ ಕುಲಕಸುಬು. 12ನೆಯ ಶತಮಾನದ ಶರಣ ಮೇದಾರ ಕೇತಯ್ಯನವರದೂ ಇದೇ ಕಾಯಕ.

ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು. ಮಳೆಗಾಲದಲ್ಲಿ ನೆಲದೊಳಗಿನ ಗಡ್ಡೆಯಿಂದ ಏಳುವ ಕಳಲೆ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಬೆಳೆಯುತ್ತದೆ. ಮುಂದಿನ ಕಳಲೆ ಹೊರಡುವುದು ಹೆಚ್ಚಾಗಿ ಎಳೆಯ ಗಳಗಳ ಬುಡದಿಂದ. ಆದ್ದರಿಂದ ಎರಡು ವರ್ಷ ತುಂಬದ ಗಳವನ್ನು ಮುಟ್ಟದೆ, ಬಲಿತವುಗಳಲ್ಲೂ ಕೆಲವನ್ನು ಆಸರೆಗೆ ಉಳಿಸಿ, ಮಳೆಗಾಲ ಕಳೆದ ಮೇಲೆ ಕಡಿಯಬೇಕು. ಹೀಗೆ ಮಾಡಿದರೆ ಅದೇ ಮೆಳೆ ವರ್ಷ ವರ್ಷವೂ ಕೊಡುತ್ತದೆ.

ಹಸಿ ಗಳವನ್ನು ಕತ್ತಿಯಿಂದ ಸೀಳಿ, ಒಳಗಿನ ಮೆದು ಭಾಗವನ್ನು ಬೇರ್ಪಡಿಸಿ, ಸಿಪ್ಪೆಯ ಕಡೆಯ ಗಟ್ಟಿ ಸೀಳುಗಳನ್ನು ತೆಳ್ಳಗೆ ಹೆರೆಯುತ್ತಾರೆ. ದಪ್ಪ ಸೀಳುಗಳನ್ನು ಅಡ್ಡಡ್ಡ ಇಟ್ಟು ತಳ ಕಟ್ಟುತ್ತಾರೆ. ಅವುಗಳ ತುದಿಯನ್ನು ಮೇಲಕ್ಕೆ ಬಾಗಿಸಿ, ತೆಳು ಸೀಳನ್ನು ಒಂದರ ಒಳಗೆ, ಇನ್ನೊಂದರ ಹೊರಗೆ ಹಾಯಿಸುತ್ತಾ ಸುತ್ತು ಬರುತ್ತಾರೆ. ಕೊನೆಗೆ ಬಾಯಿಗೆ ಬಿಗಿಯಾದ ಕಟ್ಟು. ಕಾಳು ತುಂಬುವ ಬುಟ್ಟಿಗೆ ಸೆಗಣಿ ಬಳಿದು ಸಂದು ಮುಚ್ಚುವುದುಂಟು. ಹರಿದ ಬುಟ್ಟಿ ಒಲೆಗೋ ಗೊಬ್ಬರಗುಂಡಿಗೋ ಸೇರುತ್ತದೆ.

ಆದರೂ ಕಷ್ಟವಿದೆ. ಹೆಬ್ಬಿದಿರು ಸುಮಾರು ನಾಲ್ಕೈದು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಸಾಯುತ್ತದೆ. ಬೀಜದಿಂದ ಹುಟ್ಟಿದ ಮೆಳೆ ಬಲಿಯಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಕಾಡನ್ನೇ ನಂಬಿದ ಮೇದಾರರು ಏನು ಮಾಡಬೇಕು? ಹೊಲದ ಬದುವಿನಲ್ಲೂ ಬಿದಿರು ಬೆಳೆದರೆ ಅವರಿಗೆ ಆಸರೆಯಾದೀತು. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದು ಎಣಿಸುತ್ತಿತ್ತು. 2017ರ ತಿದ್ದುಪಡಿ ಅದನ್ನು ಕೈಬಿಟ್ಟಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಕಡಿದು ಸಾಗಿಸಲು ರೈತರಿಗೆ ಅನುಕೂಲವಾಗಲೆಂಬುದೇ ಇದರ ಉದ್ದೇಶ.

ಸಂತೆಯಲ್ಲಿ ಬುಟ್ಟಿಗೆ ನಾವು ಕಡಿಮೆ ಮಾಡಿಸುವ ಹತ್ತು ರೂಪಾಯಿ ಹೆಣೆದವರ ಕೂಲಿಯಿಂದಲೇ ಹೋಗುತ್ತದೆ. ಆ ಚೌಕಾಸಿಯನ್ನು ಬಿಡೋಣ. ಜಾಗವಿದ್ದಲ್ಲಿ, ನಮ್ಮ ಚರ್ಚಿನ ಹಿತ್ತಲಲ್ಲೂ, ಒಂದು ಮೆಳೆ ಬೆಳೆಸೋಣ. ಮುಂದಿನ ಹಬ್ಬಕ್ಕೆ ಮಕ್ಕಳ ಕೈಗೆ ಬಿದಿರಿನ ಬುಟ್ಟಿಯನ್ನೇ ಕೊಡೋಣ.