ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ಹೊತ್ತು?

ಫಿನ್ಲೆಂಡಿನ ಹೆಲ್ಸಿಂಕಿಗೂ ಜಪಾನಿನ ಟೋಕಿಯೋಗೂ ನಡುವಣ ಅಂತರವನ್ನು ಭೂಗೋಳದ ಮೇಲೆ ನೂಲೊಂದನ್ನು ಬಿಗಿಹಿಡಿದು ಅಳೆದರೆ ಸುಮಾರು 7,800 ಕಿಲೋಮೀಟರುಗಳಾಗುತ್ತವೆ. ಆ ನೂಲು ರಷ್ಯದ ಸೈಬೀರಿಯಾವನ್ನು ಉದ್ದಕ್ಕೂ ಹಾಯ್ದು ಹೋಗುತ್ತದೆಂಬುದರಲ್ಲಿಯೇ ಈ ಮಾರ್ಗದ ಸಮಸ್ತ ಇತಿಹಾಸವೂ ಅಡಗಿದೆ.

ಸೋವಿಯತ್ ಆಕಾಶವು ಅನ್ಯರಿಗೆ ನಿಷಿದ್ಧವಾಗಿದ್ದ ಕಾಲದಲ್ಲಿ, ಉತ್ತರ ಯೂರೋಪಿನಿಂದ ಜಪಾನಿಗೆ ಹೊರಟವರು ಪಶ್ಚಿಮ ಏಷ್ಯಾ, ಭಾರತ ಉಪಖಂಡಗಳ ಮೂಲಕ ಸುತ್ತಿ, ಹಲವೆಡೆ ಇಳಿದು ಹತ್ತಿ, ಸುಮಾರು 50 ಗಂಟೆಗಳನ್ನು ಕಳೆಯಬೇಕಾಗಿದ್ದಿತು. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯನ್ ವಿಮಾನಸಂಸ್ಥೆಯು ಕೋಪನ್‌ಹೇಗನ್ನಿನಿಂದ ಉತ್ತರಧ್ರುವ ಪ್ರದೇಶದ ಮೇಲೆ ಹಾರಿ, ಅಲಾಸ್ಕದ ಆಂಕರೇಜಿನಲ್ಲಿ ಇಂಧನ ತುಂಬಿಕೊಂಡು, ಟೋಕಿಯೋವನ್ನು ಸುಮಾರು 32 ಗಂಟೆಗಳಲ್ಲಿ ಮುಟ್ಟಿತು. ಈ ಸಾಹಸದ ಹಿರಿಮೆ ವೇಗದಲ್ಲಿಲ್ಲ, ದಿಕ್ಕನ್ನು ಕಾಣುವ ವಿದ್ಯೆಯಲ್ಲಿದೆ. ಧ್ರುವದ ಸಮೀಪದಲ್ಲಿ ದಿಕ್ಸೂಚಿಯ ಮುಳ್ಳು ನೆಚ್ಚಿಕೆಗೆ ಅರ್ಹವಲ್ಲ. ರೇಖಾಂಶಗಳೆಲ್ಲ ಒಂದೆಡೆ ಕೂಡುವುದರಿಂದ ನೇರವಾಗಿ ಹಾರುವ ವಿಮಾನಕ್ಕೂ ಪೂರ್ವ ಪಶ್ಚಿಮಗಳು ಕ್ಷಣಕ್ಷಣಕ್ಕೆ ಬದಲಾಗುತ್ತವೆ. ಆದಕಾರಣ ನಕ್ಷೆಯ ಮೇಲೆ ಸಮಾನಾಂತರ ಗೆರೆಗಳ ಕೃತಕ ಜಾಲವನ್ನೆಳೆದು, ಸೂಕ್ಷ್ಮವಾದ ಗೈರೋಸ್ಕೋಪನ್ನು ಅದಕ್ಕೆ ಹೊಂದಿಸಿ, ಸೂರ್ಯನಕ್ಷತ್ರಗಳಿಂದ ಅದನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಮುಂದುವರಿಯಬೇಕಾಯಿತು. ಮನುಷ್ಯನ ಬುದ್ಧಿಯು ಭೂಮಿಯನ್ನು ಅರಿತ ಬಗೆಗಳಲ್ಲಿ ಇಷ್ಟು ಸುಂದರವಾದವು ಕೆಲವೇ ಎಂದು ನನ್ನ ಭಾವನೆ.

1983ರಲ್ಲಿ ಫಿನ್ಲೆಂಡಿನ ಫಿನ್‌ಏರ್ ಸಂಸ್ಥೆಯು ಎಲ್ಲಿಯೂ ಇಳಿಯದೆ ಹೆಲ್ಸಿಂಕಿಯಿಂದ ಟೋಕಿಯೋಗೆ ಹಾರಲು ತೊಡಗಿತು. ಅದೂ ಸೋವಿಯತ್ ಸೀಮೆಯನ್ನು ತಪ್ಪಿಸಿ, ಧ್ರುವದ ಮೇಲೆ, ಸುಮಾರು 13 ಗಂಟೆಗಳ ಪ್ರಯಾಣ. ಧ್ರುವವನ್ನು ದಾಟಿದವರಿಗೆ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಮುಂದೆ ಸೈಬೀರಿಯಾದ ಆಕಾಶವು ಶುಲ್ಕಕ್ಕೆ ದೊರೆಯುವಂತಾದ ಮೇಲೆ ಪ್ರಯಾಣವು ಒಂಬತ್ತೂವರೆ ಗಂಟೆಗಳಿಗೆ ಇಳಿಯಿತು, ಹೆಲ್ಸಿಂಕಿಯು ಯೂರೋಪಿಗೂ ಪೂರ್ವ ಏಷ್ಯಾಕ್ಕೂ ನಡುವಣ ಹೆಬ್ಬಾಗಿಲಾಯಿತು. ಆ ಪುಟ್ಟ ದೇಶದ ವಿಮಾನಸಂಸ್ಥೆಯು ತನ್ನ ಭವಿಷ್ಯವನ್ನೆಲ್ಲ ಈ ಹತ್ತಿರದ ದಾರಿಯ ಮೇಲೆಯೇ ಕಟ್ಟಿಕೊಂಡಿತು.

2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯದ ಯುದ್ಧವು ಆರಂಭವಾಗಿ, ಯೂರೋಪೂ ರಷ್ಯವೂ ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದೊಡನೆ, ಅಂತರವು ಕಿಲೋಮೀಟರೊಂದೂ ಹೆಚ್ಚದ ಆ ಎರಡು ನಗರಗಳ ನಡುವೆ ಪ್ರಯಾಣವು ಮತ್ತೆ 13 ಗಂಟೆಗಳಾಯಿತು. ವೇಳಾಪಟ್ಟಿಯಲ್ಲಿ ನಾವು ಓದುವ ಅಂಕಿಯಲ್ಲಿ ಯಂತ್ರದ ಶಕ್ತಿಗಿಂತ ರಾಜ್ಯಗಳ ಅನುಮತಿಯೇ ಹೆಚ್ಚಾಗಿ ಬರೆದಿದೆಯೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನವು ನನಗೆ ತಿಳಿಯದು. ಹೋಗುವಾಗ ವಿಮಾನವು ಸಾಮಾನ್ಯವಾಗಿ ರಷ್ಯದ ದಕ್ಷಿಣಕ್ಕೆ, ಮಧ್ಯ ಏಷ್ಯಾದ ಮೇಲಿನಿಂದ, ಬೀಸುವ ಪಡುವಣ ಗಾಳಿಯನ್ನು ಬೆನ್ನಿಗೆ ಪಡೆದು ಸಾಗುತ್ತದೆ. ಮರಳುವಾಗ ಅದೇ ಗಾಳಿ ಎದುರಾಗುವುದರಿಂದ ಶಾಂತಸಾಗರ, ಅಲಾಸ್ಕ, ಉತ್ತರಧ್ರುವಗಳ ಮೇಲಿನಿಂದ ಬರುತ್ತದೆ. ಹೀಗೆ ಟೋಕಿಯೋಗೆ ಹೋಗಿ ಬಂದ ಫಿನ್ಲೆಂಡಿನ ಪ್ರಯಾಣಿಕನು ರಷ್ಯವನ್ನು ಪೂರ್ತಿಯಾಗಿ ಪ್ರದಕ್ಷಿಣೆ ಮಾಡಿರುತ್ತಾನೆ.